ದವಡೆ ಮೇಸ್ತ್ರಿ ಉಂಡ ಊಟ

ಅವನು ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರಲ್ಲ. ಡಾಕ್ಟರು ತೆಗೆದ ಅಚ್ಚನ್ನು ಮುಂದಿಟ್ಟುಕೊಂಡು, ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಗುಲಾಬಿ ಬಣ್ಣದ ಒಸಡಿಗೆ ಒಂದೊಂದೇ ಹಲ್ಲು ಕೂರಿಸುತ್ತಿದ್ದ. ಮೂವತ್ತೆಂಟು ವರ್ಷ ಅದೇ ಕೆಲಸ. ಗೆಳೆಯರಿಗೆಲ್ಲ ಅವನು ದವಡೆ ಮೇಸ್ತ್ರಿ. ಮದುವೆ ಯಾಕಾಗಲಿಲ್ಲ ಎಂದರೆ, "ಊರಿನ ಬಾಯೆಲ್ಲ ನನ್ನ ಕೈಲಿದೆ, ಮನೇಲಿ ಇನ್ನೊಂದು ಯಾಕೆ?" ಎನ್ನುತ್ತಿದ್ದ. ನಕ್ಕವರೆಲ್ಲ ಊಟಕ್ಕೆ ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು. ಅವನು ಒಬ್ಬನೇ ಉಣ್ಣುತ್ತಿದ್ದ. ನನ್ನ ಹೆಂಡತಿ ತೀರಿಕೊಂಡ ಮೇಲೆ ಒಂದೇ ಬೀದಿಯಲ್ಲಿ ಎರಡು ಒಂಟಿ ತಟ್ಟೆಗಳಾದವು.

ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯಾದ ಮೇಲೆ ಅವನ ನಾಲಿಗೆಯಿಂದ ರುಚಿ ಹೊರಟುಹೋಯಿತು. ಬಂದರೂ ಬರಬಹುದು ಎಂದರು ಡಾಕ್ಟರು. ಹತ್ತು ತಿಂಗಳು ಕಾದ. ಒಂದು ದಿನ ನನ್ನಲ್ಲಿಗೆ ಬಂದು, "ಸಮುದ್ರದ ಕಡೆ ಹೋಗೋಣ ಕಣೋ. ದೊಡ್ಡ ಹೋಟೆಲಲ್ಲಿ ಜನ್ಮದಲ್ಲಿ ತಿನ್ನದ್ದನ್ನ ತಿನ್ನೋಣ. ನಾಲಿಗೆಗೆ ಹಳೇದು ಮರೆತಿದ್ರೆ ಹೊಸದಾದ್ರೂ ಗೊತ್ತಾಗುತ್ತೇನೋ" ಎಂದ.

ಹೋದೆವು. ಬಿಸಿಲು, ತೆಂಗು, ಉಪ್ಪುಗಾಳಿಯ ದ್ವೀಪ ಅದು. ನೀರಿನ ಮೇಲೆ ಮರದ ನೆಲ ಹಾಸಿದ ಏಷ್ಯನ್ ರೆಸ್ಟೋರೆಂಟು. ಕಪ್ಪು ತಟ್ಟೆ, ಊಟಕ್ಕೆ ಎರಡು ಕಡ್ಡಿ. ದಿನವೂ ಚಿಮಟದಲ್ಲಿ ಹಲ್ಲು ಎತ್ತಿದ ಅವನಿಗೆ ಕಡ್ಡಿ ಲೀಲಾಜಾಲ. ನನ್ನ ನೂಡಲ್ಸ್ ಜಾರಿ ತೊಡೆಗೆ ಬಿತ್ತು.

"ಬಾಯಿ ಇನ್ನೂ ಸ್ವಲ್ಪ ಮೇಲಿದೆ" ಎಂದ.

ಶುಂಠಿ ಹಾಕಿ ಹಬೆಯಲ್ಲಿ ಬೇಯಿಸಿದ ಮೀನು ಬಂತು. ಒಂದು ತುಣುಕು ಬಾಯಿಗಿಟ್ಟು ಕಣ್ಣು ಮುಚ್ಚಿದ. ಖಾರದ ಸಾರನ್ನೂ ಹಾಗೆಯೇ ಕುಡಿದ.

"ಬಿಸಿ ಗೊತ್ತಾಗ್ತಿದೆ. ನುಣುಪು ಗೊತ್ತಾಗ್ತಿದೆ. ಅಷ್ಟೇ." ಕಡ್ಡಿ ಕೆಳಗಿಟ್ಟ. "ನೀನು ತಿನ್ನು. ಹೇಗಿದೆ ಹೇಳು."

"ಚೆನ್ನಾಗಿದೆ" ಎಂದೆ.

"ಅಷ್ಟು ಪುಸ್ತಕ ಓದಿ ಇಷ್ಟೇನಾ?"

ಲೈಬ್ರರಿಯಲ್ಲೇ ಆಯುಷ್ಯ ಕಳೆದ ನಾನು ಇನ್ನೊಂದು ತುಣುಕು ಬಾಯಿಗಿಟ್ಟು, "ತುಂಬ ಚೆನ್ನಾಗಿದೆ" ಎಂದೆ. ಅವನು ಸಮುದ್ರದ ಕಡೆ ತಿರುಗಿ ಕೂತ.

ಪಕ್ಕದ ಮೇಜಿನಲ್ಲಿ ನಮ್ಮ ಭಾಷೆಯವರೇ, ತಾಯಿ ಮತ್ತು ಮಗಳು. "ಅಷ್ಟು ದೂರದಿಂದ ಕರ್ಕೊಂಡು ಬಂದಿದೀನಿ, ಮೂಸಿ ನೋಡಿ ಬಿಡ್ತೀಯಲ್ಲಮ್ಮ" ಎಂದಳು ಮಗಳು. "ಹಸಿವಿಲ್ಲ ಕಣೆ" ಎಂದರು ತಾಯಿ.

ಅವನು ಆ ತಾಯಿಯ ದವಡೆಯನ್ನೇ ನೋಡುತ್ತಿದ್ದ. ತಡೆಯುವಷ್ಟರಲ್ಲಿ ಎದ್ದು ಹೋಗಿ ಬಗ್ಗಿ, "ಅಮ್ಮಾ, ಹಸಿವಿದೆ ನಿಮಗೆ. ಬಲಗಡೆ ಕೆಳಗೆ ಸೆಟ್ಟು ಚುಚ್ತಿದೆ, ಅಲ್ವಾ?" ಎಂದ.

ಮಗಳ ಮುಖ ಕೆಂಪಾಯಿತು. ತಾಯಿ ಇವನನ್ನು ಒಂದು ಗಳಿಗೆ ನೋಡಿ, "ಎರಡು ವರ್ಷ ಆಯ್ತಪ್ಪ" ಎಂದರು.

ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಕೊಟ್ಟರು. ಅವನ ಜೇಬಿನಲ್ಲಿ ಸದಾ ಒಂದು ಸಣ್ಣ ಅರ ಇರುತ್ತಿತ್ತು. ಕೈತೊಳೆಯುವ ಕೋಣೆಗೆ ಹೋಗಿ ಉಜ್ಜಿದ, ತೊಳೆದ, ಬೆರಳಿನಿಂದ ಸವರಿ ನೋಡಿದ, ಮತ್ತೆ ಉಜ್ಜಿದ. ಸೂಟು ತೊಟ್ಟ ಮ್ಯಾನೇಜರು ಬಾಗಿಲಲ್ಲಿ ಕೆಮ್ಮುತ್ತ ನಿಂತಿದ್ದ. ಇವನಿಗೆ ಅವನು ಕಾಣಲೇ ಇಲ್ಲ.

"ಕಚ್ಚಿ ನೋಡಿ" ಎಂದ ಮರಳಿ ಬಂದು. ಮೂವತ್ತೆಂಟು ವರ್ಷ ಎಲ್ಲರಿಗೂ ಹೇಳಿದ ಮಾತು.

ಆಕೆ ಗರಿಗರಿಯಾಗಿ ಕರಿದ ಸೀಗಡಿಯೊಂದನ್ನು ಕಚ್ಚಿದರು. ಸದ್ದು ನಮ್ಮ ಮೇಜಿನವರೆಗೂ ಕೇಳಿಸಿತು. ಇನ್ನೊಂದು. ಮತ್ತೊಂದು. ಮಗಳ ತಟ್ಟೆಗೂ ಕೈ ಹಾಕಿದರು.

ಅವನು ಬಂದು ಕೂತು, ಆರಿದ ಮೀನನ್ನು ಹತ್ತಿರ ಎಳೆದುಕೊಂಡು, ಆಕೆ ಅಗಿದಂತೆಲ್ಲ ತಾನೂ ಅಗಿಯುತ್ತ ಪೂರ್ತಿ ತಿಂದ. "ಊಟ ಅಂದ್ರೆ ಇದು" ಎಂದ. ರುಚಿ ಬಂತೇ ಎಂದು ನಾನು ಕೇಳಲಿಲ್ಲ. ಬಂದಿರಲಿಲ್ಲ, ಕೊನೆಯವರೆಗೂ ಬರಲಿಲ್ಲ.

ಅವನು ಹೋಗಿ ಒಂದು ವರ್ಷವಾಯಿತು. ನನ್ನ ಕೆಳಗಿನ ಸೆಟ್ಟು ಅವನು ಮಾಡಿದ್ದೇ. "ಒಸಡು ಸವೆಯುತ್ತೆ, ವರ್ಷಕ್ಕೊಮ್ಮೆ ಬಾ" ಎಂದಿದ್ದ. ಈಗ ಎಡಗಡೆ ಚುಚ್ಚುತ್ತಿದೆ. ಹೊಸದು ಮಾಡಿಸಿ ಎನ್ನುತ್ತಾರೆ ಡಾಕ್ಟರು, ಐದೇ ದಿನದ ಕೆಲಸವಂತೆ. ನೋಡೋಣ ಎಂದು ಹೇಳಿ ಬಂದಿದ್ದೇನೆ. ಸದ್ಯಕ್ಕೆ ತುತ್ತನ್ನು ಬಲಗಡೆಗೆ ದೂಡಿಕೊಂಡು ಉಣ್ಣುತ್ತೇನೆ.