ಮೀಟರಮ್ಮ ಹಾಕಿದ ಬೀಗ

ಅವಳಿಗೆ ಮೀಟರಮ್ಮ ಎಂದು ಹೆಸರಿಟ್ಟವನು ಡ್ರೈವರಣ್ಣ. ಮೊಬೈಲ್ ಕಂಪನಿಯ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪು, ಪಕ್ಕದ ಹಲಗೆಗೆ ಸಿಕ್ಕಿಸಿದ ಆರು ಫೋನು ಇಟ್ಟುಕೊಂಡು, ಊರಿನ ಒಂದೊಂದು ಬೀದಿಯಲ್ಲೂ ಸಿಗ್ನಲ್ ಎಷ್ಟಿದೆ ಎಂದು ಅಳೆಯುವುದು ಅವಳ ಕೆಲಸ. ಕಾರು ಸಾಗಿದಂತೆಲ್ಲ ಪರದೆಯ ಮೇಲಿನ ನಕ್ಷೆಯಲ್ಲಿ ಬೀದಿಗೆ ಬಣ್ಣ ಬರುತ್ತದೆ. ಚೆನ್ನಾಗಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು. ಹನ್ನೊಂದು ವರ್ಷ ಇದನ್ನೇ ಮಾಡಿ ಸೊಂಟ ಹಿಡಿದುಕೊಂಡಿತ್ತು, ಸಿಟ್ಟು ಮೂಗಿನ ತುದಿಗೆ ಬಂದು ಕೂತಿತ್ತು. ಯಾರಾದರೂ ಮದುವೆಯ ಮಾತೆತ್ತಿದರೆ ಆ ಫೋನುಗಳ ಕಡೆ ಕೈತೋರಿಸಿ, "ನನ್ನ ಆರು ಮಕ್ಕಳನ್ನೂ ಸಾಕೋನು ಸಿಕ್ಕಿದ್ರೆ ಹೇಳಿ" ಎನ್ನುತ್ತಿದ್ದಳು.

ಆ ಕೆಲಸಕ್ಕೆ ಅದರದೇ ಮಡಿ-ಮೈಲಿಗೆ ಇದೆ. ನಮ್ಮ ನಿಮ್ಮ ಫೋನು ಎಲ್ಲಿ ಸಿಗ್ನಲ್ ಚೆನ್ನಾಗಿದೆಯೋ ಅಲ್ಲಿಗೆ ಜಿಗಿಯುತ್ತದೆ. ಹೊಸ ನೆಟ್‌ವರ್ಕ್ ಸಿಗದಿದ್ದರೆ ಹಳೆಯದಕ್ಕೆ, ಹಳೆಯದು ಸಿಗದಿದ್ದರೆ ಹೊಸದಕ್ಕೆ. ಅಳೆಯುವ ಫೋನು ಹಾಗೆ ಜಿಗಿದಾಡಿದರೆ ಅಳತೆ ಹಾಳು. ಅದಕ್ಕೇ ಗುಟ್ಟಿನ ನಂಬರೊಂದನ್ನು ಒತ್ತಿ ಪ್ರತಿಯೊಂದನ್ನೂ ಒಂದೇ ನೆಟ್‌ವರ್ಕಿಗೆ ಕಟ್ಟಿಹಾಕುತ್ತಾರೆ. ಬೀಗ ಹಾಕುವುದು ಎನ್ನುತ್ತಾರೆ ಅದಕ್ಕೆ. ಬೀಗ ಬಿದ್ದ ಫೋನು ಸತ್ತರೂ ಬೇರೆ ನೆಟ್‌ವರ್ಕಿನ ಕಡೆ ತಿರುಗಿ ನೋಡುವುದಿಲ್ಲ. ಇನ್ನೊಂದು ನಿಯಮ, ಅಳತೆ ಶುರುವಾದ ಮೇಲೆ ಬೀದಿಯ ನಡುವೆ ಕಾರು ನಿಲ್ಲಿಸುವಂತಿಲ್ಲ. ನಿಂತರೆ ಆ ಬೀದಿ ಮತ್ತೆ ಮೊದಲಿಂದ. ಈ ಎರಡರಲ್ಲೂ ಮೀಟರಮ್ಮನದು ಎತ್ತಿದ ಕೈ. ಅವಳ ನಕ್ಷೆಯನ್ನು ಆಫೀಸಿನಲ್ಲಿ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ಡ್ರೈವರಣ್ಣನ ಹೆಂಡತಿಗೆ ಉಬ್ಬಸ. ಮೀಟರಮ್ಮ ಆಕೆಯನ್ನು ಅತ್ತಿಗೆ ಎಂದೇ ಕರೆಯುತ್ತಿದ್ದಳು. ಗಂಡ-ಹೆಂಡತಿ ಇಬ್ಬರದೇ ಮನೆ, ಮೊದಲನೇ ಮಹಡಿಯಲ್ಲಿ, ಬೀದಿಗೆ ತೆರೆದ ಕಿಟಕಿಯ ಪಕ್ಕದಲ್ಲೇ ಅತ್ತಿಗೆಯ ಮಂಚ. ಉಸಿರು ಕಟ್ಟಿದಾಗ ಆಕೆಗೆ ಮಾತೇ ಹೊರಡುತ್ತಿರಲಿಲ್ಲ. ಹಾಗಾಗಿ ಅವರಿಬ್ಬರ ನಡುವೆ ಒಂದು ಕರಾರಿತ್ತು: ಮಾತಾಡುವುದು ಬೇಡ, ರಿಂಗ್ ಮಾಡಿದರೆ ಸಾಕು. ಮಿಸ್ಡ್ ಕಾಲ್ ಬಂದರೆ ಗಂಡ ಎಲ್ಲಿದ್ದರೂ ಬಿಟ್ಟು ಓಡಬೇಕು. ಬರದಿದ್ದರೆ ಆಕೆ ಆರಾಮವಾಗಿದ್ದಾಳೆ. ಎಂಟು ವರ್ಷದಲ್ಲಿ ಐದು ಸಲ ಬಂದಿತ್ತು. ಐದು ಸಲವೂ ಅವನು ಕಾಲು ಗಂಟೆಯೊಳಗೆ ಮನೆ ಸೇರಿ ಆಕೆಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದ. ಕೆಲಸದ ಹೊತ್ತಿನಲ್ಲಿ ಬೇರೆ ಯಾರೂ ತನಗೆ ಫೋನ್ ಮಾಡಬಾರದೆಂದು ನೆಂಟರಿಷ್ಟರಿಗೆಲ್ಲ ಗಿಣಿಗೆ ಹೇಳಿದ ಹಾಗೆ ಹೇಳಿಟ್ಟಿದ್ದ.

ಹಿಂದಿನ ವರ್ಷ ಅತ್ತಿಗೆಯ ಗುಂಡಿ ಫೋನು ನೀರಿನ ಬಕೆಟ್ಟಿಗೆ ಬಿದ್ದು ಕೆಟ್ಟಿತು. ಅದೇ ವಾರ ಆಫೀಸಿನಲ್ಲಿ ಅಳತೆಯ ಫೋನುಗಳನ್ನೆಲ್ಲ ಬದಲಾಯಿಸಿ ಹಳೆಯವನ್ನು ಬೇಕಾದವರು ಒಯ್ಯಿರಿ ಎಂದರು. ಮೀಟರಮ್ಮ ತನ್ನ ಆರರಲ್ಲಿ ಒಂದನ್ನು ಒರೆಸಿ, ಚೀಲಕ್ಕೆ ಹಾಕಿಕೊಂಡು ಅತ್ತಿಗೆಯ ಮನೆಗೆ ಹೋದಳು.

"ತಗೊಳ್ಳಿ ಅತ್ತಿಗೆ. ಮುಂದೆ ಬರೋ ಹೊಸ ನೆಟ್‌ವರ್ಕಿಗೂ ಇದು ಆಗುತ್ತೆ. ನಿಮ್ಮ ಗಂಡ ಮುದುಕ ಆದ್ರೂ ಈ ಫೋನ್ ಮುದಿಯಾಗಲ್ಲ."

"ಅವರು ಆಗ್ಲೇ ಆಗಿದ್ದಾರೆ ಬಿಡಮ್ಮ" ಎಂದರು ಅತ್ತಿಗೆ. ಅಲ್ಲೇ ಒತ್ತಿ ನೋಡಿದರು, ಗಂಡನ ಜೇಬಿನಲ್ಲಿ ರಿಂಗಾಯಿತು, ಮೂವರೂ ನಕ್ಕರು. ಎಲ್ಲ ಸರಿಯಾಗಿತ್ತು.

ಆಮೇಲೆ ಹೊಸ ನೆಟ್‌ವರ್ಕ್ ಬಂತು. ಬಂತು ಎನ್ನುವುದಕ್ಕಿಂತ ಎಳೆದು ತಂದರು ಎನ್ನಬೇಕು. ಬೀದಿಯಲ್ಲಿ ಭರ್ಜರಿಯಾಗಿರುವ ಸಿಗ್ನಲ್ ಗೋಡೆ ದಾಟಿದರೆ ಮಾಯ. ಮಾತಾಡುತ್ತಿದ್ದಂತೆ ಒಂದು ಕಡೆಯ ದನಿ ಕೇಳಿಸದು. ಫೋನು ಕೈ ಸುಡುವಷ್ಟು ಬಿಸಿ. ಗೋಡೆಗಳ ಮೇಲೆ ಆಗಲೇ ಜಾಹೀರಾತು ಬಿದ್ದಿತ್ತು, ಜನ ಕಂಪನಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಇಷ್ಟೆಲ್ಲದರ ನಡುವೆ ಮೇಲಿನ ಸಾಹೇಬರು, ಹಳೆಯದನ್ನು ಇಂಥ ಮಂಗಳವಾರ ಬೆಳಿಗ್ಗೆ ಆರಕ್ಕೆ ನಿಲ್ಲಿಸಿಬಿಡುತ್ತೇವೆ ಎಂದು ದಿನ ಗೊತ್ತುಮಾಡಿದರು. ಇನ್ನೊಂದು ತಿಂಗಳು ಕೊಡಿ ಎಂದು ಮೀಟರಮ್ಮ ಎರಡು ಸಲ ಬರೆದಳು. "ನಿಮ್ಮ ನಕ್ಷೆ ಹಸಿರಿದೆಯಲ್ಲಮ್ಮ, ಇನ್ನೇನು ಬೇಕು?" ಎಂದರು. ಕುರ್ಚಿಯಲ್ಲಿ ಕೂತವರಿಗೆ ಬಣ್ಣ ಕಂಡರೆ ಸಾಕು.

ಸೋಮವಾರ ಸಂಜೆ ಡ್ರೈವರಣ್ಣ ಕೇಳಿದ.

"ಮೇಡಮ್ಮ, ನಾಳೆ ಹಳೇದು ಹೋದ್ರೆ ನಮ್ಮವಳ ಫೋನಿಗೆ ಏನೂ ಆಗಲ್ಲ ತಾನೆ?"

"ಅಣ್ಣ, ಅದು ನಾನು ಕೊಟ್ಟ ಫೋನು."

ಅವನಿಗೆ ಅಷ್ಟು ಸಾಕಾಗಿತ್ತು.

ಮಂಗಳವಾರ ಬೆಳಿಗ್ಗೆಯಿಂದ ಅಳತೆ. ಡ್ರೈವರಣ್ಣ ಖುಷಿಯಲ್ಲಿದ್ದ. ಜೇಬಿನ ಫೋನು ಕಮಕ್ ಕಿಮಕ್ ಎಂದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾರು ಅವನದೇ ಬೀದಿಗೆ ತಿರುಗಿತು.

"ಎರಡೇ ನಿಮಿಷ ಮೇಲೆ ಹೋಗಿ ಮುಖ ತೋರಿಸಿ ಬರ್ಲಾ?"

"ಅಳತೆ ಓಡ್ತಾ ಇದೆ ಅಣ್ಣ. ಈಗ ನಿಲ್ಸಿದ್ರೆ ಮತ್ತೆ ಆ ತುದಿಯಿಂದ ಬರಬೇಕು. ಇನ್ನೂ ನಲವತ್ತು ಬೀದಿ ಬಾಕಿ ಇದೆ."

"ಹೋಗ್ಲಿ ಬಿಡಿ. ಮಿಸ್ಡ್ ಕಾಲ್ ಬಂದಿಲ್ವಲ್ಲ, ಆರಾಮಾಗಿ ಮಲಗಿರ್ತಾಳೆ."

ಮನೆಯ ಮುಂದೆ ಹಾದುಹೋಗುವಾಗ, ಯಾವತ್ತಿನಂತೆ ಎರಡು ಸಲ ಹಾರ್ನ್ ಹೊಡೆದ. ಬೀದಿ ಈ ತುದಿಯಿಂದ ಆ ತುದಿಯವರೆಗೆ ಹಸಿರಾಯಿತು. ಮೀಟರಮ್ಮನಿಗೆ ಹೆಮ್ಮೆಯಾಯಿತು; ಅದನ್ನು ನೆನೆದು ಆಮೇಲೆ ಅವಳಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು.

ಸಂಜೆ ಐದೂವರೆಗೆ ಡ್ರೈವರಣ್ಣ ಮನೆ ಬಾಗಿಲು ತೆಗೆದಾಗ ಅತ್ತಿಗೆಯ ಮೈ ತಣ್ಣಗಾಗಿತ್ತು. ಮಂಚದ ಮೇಲೇ ಇದ್ದರು, ಖಾಲಿಯಾದ ಇನ್ಹೇಲರ್ ನೆಲದ ಮೇಲಿತ್ತು, ಫೋನು ದಿಂಬಿನ ಪಕ್ಕದಲ್ಲಿತ್ತು.

ನಾಲ್ಕನೇ ದಿನ ಬಂದವರೆಲ್ಲ ಹೋದ ಮೇಲೆ ಮೀಟರಮ್ಮ ಒಬ್ಬಳೇ ಹೋದಳು. ಆಫೀಸಿನಿಂದ ನೇರ ಬಂದಿದ್ದರಿಂದ ಲ್ಯಾಪ್‌ಟಾಪು ಹೆಗಲಲ್ಲೇ ಇತ್ತು. ಡ್ರೈವರಣ್ಣ ಕುರ್ಚಿಯಲ್ಲಿ ಕೂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ.

"ಒಂದು ಸಲನೂ ರಿಂಗ್ ಮಾಡ್ಲಿಲ್ಲ ಮೇಡಮ್ಮ. ಅಂದ್ರೆ ನಿದ್ದೆಯಲ್ಲೇ ಹೋಗಿರ್ತಾಳೆ. ಕಷ್ಟ ಆಗಿರಲ್ಲ. ಅಲ್ವಾ?"

ಆಮೇಲೆ ಎದ್ದು ಅತ್ತಿಗೆಯ ಫೋನು ತಂದು ಅವಳ ಕೈಗಿತ್ತ. "ಇದರಲ್ಲಿ ಅವಳ ಫೋಟೋ ಇರಬೇಕು. ಚಾರ್ಜ್ ಮಾಡಿಟ್ಟಿದ್ದೀನಿ. ನನಗೆ ತೆಗೆಯೋಕೆ ಬರಲ್ಲ."

ಫೋನು ತೆರೆದ ಕೂಡಲೇ ಅವಳ ಕಣ್ಣು ಹೋದದ್ದು ಮೇಲಿನ ಮೂಲೆಗೆ. ಅಷ್ಟು ವರ್ಷದ ಅಭ್ಯಾಸ. ಸಿಗ್ನಲ್ ಒಂದು ಕಡ್ಡಿಯೂ ಇರಲಿಲ್ಲ. ಅವಳದೇ ಫೋನು ಅದೇ ಕೋಣೆಯಲ್ಲಿ ಮೂರು ಕಡ್ಡಿ ತೋರಿಸುತ್ತಿತ್ತು. ಬೆರಳು ತಾನಾಗಿ ಗುಟ್ಟಿನ ನಂಬರ್ ಒತ್ತಿತು. ಪರದೆಯ ಮೇಲೆ ಬಂದದ್ದು ಅವಳು ತನ್ನ ಕೈಯಾರೆ ಹಾಕಿದ್ದ ಬೀಗ: ಹಳೆಯ ನೆಟ್‌ವರ್ಕ್ ಮಾತ್ರ. ಒರೆಸಿ, ತೊಳೆದಷ್ಟು ಚೊಕ್ಕಟ ಮಾಡಿ ಕೊಟ್ಟಿದ್ದಳು. ಬೀಗ ತೆಗೆದಿರಲಿಲ್ಲ. ಹಳೆಯದು ಇರುವಷ್ಟು ದಿನ ಅದು ಯಾರಿಗೂ ಗೊತ್ತಾಗುವಂತೆಯೇ ಇರಲಿಲ್ಲ. ಹೊಸ ನೆಟ್‌ವರ್ಕಿಗೆ ಆಗುವ ಯಾವ ಫೋನನ್ನು ಅಂಗಡಿಯಲ್ಲಿ ಕೊಂಡಿದ್ದರೂ ಅತ್ತಿಗೆ ಉಳಿಯುತ್ತಿದ್ದರು. ಆ ಮನೆಗೆ ಇಂಥ ಫೋನು ತಂದುಕೊಡಬಲ್ಲವಳು ಅವಳೊಬ್ಬಳೇ.

ಕರೆಗಳ ಪಟ್ಟಿ ತೆಗೆದಳು. ಮಂಗಳವಾರ, ಗಂಡನ ನಂಬರಿಗೆ ಹದಿನಾಲ್ಕು ಸಲ. ಒಂದೂ ಹೋಗಿರಲಿಲ್ಲ.

"ಸಿಕ್ತಾ ಫೋಟೋ?" ಎಂದ ಡ್ರೈವರಣ್ಣ.

ಹೂಂ ಎಂದು ಒಂದು ಫೋಟೋ ತೋರಿಸಿ ಎದ್ದು ಬಂದಿದ್ದರೆ ಅವನು ಸಾಯುವವರೆಗೂ ಹೆಂಡತಿ ನಿದ್ದೆಯಲ್ಲಿ ಹೋದಳೆಂದೇ ನಂಬಿರುತ್ತಿದ್ದ. ಅದು ಅವಳಿಗೂ ಗೊತ್ತಿತ್ತು. ಆದರೆ ಆ ಸುಳ್ಳು ಅವನನ್ನಷ್ಟೇ ಅಲ್ಲ, ಅವಳನ್ನೂ ಕಾಪಾಡುತ್ತಿತ್ತು. ಅದನ್ನು ತಾಳಲಾರದೆ ಹೇಳಿಬಿಟ್ಟಳು. ಬೀಗದ ವಿಷಯ ಮೊದಲು, ಆಮೇಲೆ ಹದಿನಾಲ್ಕು ಸಲದ ವಿಷಯ.

ಅವನು ಕೂಗಾಡಲಿಲ್ಲ.

"ಎಷ್ಟೆಷ್ಟು ಹೊತ್ತಿಗೆ? ಓದಿ."

ಓದಿದಳು. ಮೊದಲನೆಯದು ಹನ್ನೊಂದು ಇಪ್ಪತ್ತೆರಡು. ಹದಿಮೂರನೆಯದು ಹನ್ನೊಂದು ನಲವತ್ತು. ಆಮೇಲೆ ಬಿಡುವು. ಕೊನೆಯದು ಹನ್ನೆರಡು ಹತ್ತು.

"ಅರ್ಧ ಗಂಟೆ ಸುಮ್ನಿದ್ದು ಮತ್ತೆ ಯಾಕೆ ಮಾಡಿದ್ಲು?" ಎಂದ. "ನೀವು ಎಲ್ಲ ಬರೆದಿಟ್ಟಿರ್ತೀರಲ್ಲ. ಆವಾಗ ನಾವು ಎಲ್ಲಿದ್ವಿ?"

ಮೀಟರಮ್ಮ ಲ್ಯಾಪ್‌ಟಾಪು ತೆರೆದಳು. ಹಸಿರು ಗೆರೆಯ ಮೇಲೆ ನಿಮಿಷ ನಿಮಿಷಕ್ಕೂ ಕಾರಿನ ಜಾಗ ಇತ್ತು. ಹನ್ನೆರಡು ಒಂಬತ್ತಕ್ಕೆ ಕಾರು ಈ ಕಿಟಕಿಯ ಕೆಳಗೆ ಇತ್ತು. ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು.

ಅವನಿಗೆ ನಕ್ಷೆ ಓದಲು ಬರುತ್ತಿತ್ತು. ಹನ್ನೊಂದು ವರ್ಷ ಅದನ್ನೇ ನೋಡಿಕೊಂಡು ಕಾರು ಓಡಿಸಿದ್ದ.

"ಹಾರ್ನ್ ಕೇಳಿಸಿದೆ ಅವಳಿಗೆ" ಎಂದ.