ಗೃಹಪ್ರವೇಶದ ಹಸುವಿಗೆ ಮುಚ್ಚಿದ ಗೇಟು

ಅವತ್ತು ಜೂಡಿ ಫೋನ್ ಮಾಡಿದಾಗ ನಾನು ಮನೆಯಲ್ಲೇ ಇದ್ದೆ. ನಾರ್ತ್ ಕ್ರೀಕ್‌ನಲ್ಲಿ ಗೆಳೆಯರ ಮನೆಗೆ ಬಂದಿದ್ದೇನೆ ಎಂದದ್ದು ಸುಳ್ಳು. ಪರದೆ ಎಳೆದುಕೊಂಡು, ಸೋಫಾದ ಮೇಲೆ ಕೂತು, ಹಾಡುಹಗಲಿನಲ್ಲಿ ಹೇಳಿದ ಸುಳ್ಳು.

ನಮ್ಮ ಗೃಹಪ್ರವೇಶಕ್ಕೆ ಬಂದವರು ಇದನ್ನು ಓದುತ್ತಿದ್ದರೆ ಜೂಡಿ ನೆನಪಿರಬಹುದು — ರಬ್ಬರ್ ಬೂಟು ಹಾಕಿಕೊಂಡು ಹಸು, ಕರು ಹಿಡಿದು ತಂದಿದ್ದ ಹಿರಿಯ ಹೆಂಗಸು. ಸಿಯಾಟಲ್ ಸುತ್ತಮುತ್ತ ನಮ್ಮವರೆಲ್ಲ ಬೆಳ್ಳಿಯ ಹಸು ಇಟ್ಟು ಪೂಜೆ ಮುಗಿಸುತ್ತಾರೆ; ನಾನು ನಿಜವಾದದ್ದನ್ನೇ ಹೊಸ್ತಿಲು ದಾಟಿಸಿದೆ ಎಂದು ಆಫೀಸಿನಲ್ಲೆಲ್ಲ ಕೊಚ್ಚಿಕೊಂಡಿದ್ದೆ. ಕರುವಿನ ಹಣೆಗೆ ಕುಂಕುಮ ಇಟ್ಟು ನಮಸ್ಕಾರ ಬೇರೆ ಮಾಡಿದ್ದೆ.

ನಮ್ಮದು ನದಿ ಪಕ್ಕದ ಸಣ್ಣ ಊರು. ಕೆಳಗೆ ಹೊಲ, ಕೊಟ್ಟಿಗೆ. ಮೇಲೆ ದಿಣ್ಣೆಯಲ್ಲಿ ನಮ್ಮಂಥವರ ಹೊಸ ಮನೆಗಳು. ನೀರು ಏರಿದರೆ ಕೆಳಗಿನವರ ದನ ಮೇಲಿನವರ ಅಂಗಳಕ್ಕೆ — ಅದು ಊರಿನ ರೂಢಿ. ಅವತ್ತು ನೀರು ಏರುವಾಗ ಕೆಳಗಿನ ಹೊಲದ ಜೂಡಿ ಕೇಳಿದ್ದೂ ಅಷ್ಟೇ, ಗೇಟು ತೆಗೀತೀಯಾ ಅಂತ. ನನ್ನ ತಲೆಯಲ್ಲಿ — ಆಗಷ್ಟೇ ಹಾಸಿಸಿದ್ದ ಹುಲ್ಲು, ಗೊರಸು, ನೆಲದೊಳಗಿನ ಪೈಪು, ಇನ್ಶೂರೆನ್ಸ್... ಚಿಂತೆ ಮಾಡುವುದರಲ್ಲಿ ನನಗೆ ಸಮ ಯಾರೂ ಇಲ್ಲ. ಕರುವಿನ ಚಿಂತೆಯೊಂದು ಮಾತ್ರ ಹತ್ತಲಿಲ್ಲ.

ಜೂಡಿ ದನಗಳನ್ನು ದೂರದ ಇನ್ನೊಂದು ದಿಣ್ಣೆಗೆ ಹೊಡೆದುಕೊಂಡು ಹೋದರು. ದಾರಿಯಲ್ಲೇ ನೀರು ಬಂತು. ನಾನು ಕುಂಕುಮ ಇಟ್ಟಿದ್ದ ಕರು ಉಳಿಯಲಿಲ್ಲ.

ಆಮೇಲೆ ನನಗೆ — ಪ್ರಾಯಶ್ಚಿತ್ತ ಎನ್ನಲಾರೆ, ಭಯ ಎನ್ನಿ — ನದಿಯ ಮಟ್ಟ ನೋಡುವ ಹುಚ್ಚು ಹಿಡಿಯಿತು. ವರ್ಷಗಳಿಂದ ಆಫೀಸಿನ ಮೀಟಿಂಗ್ ನಡುವೆಯೂ ಫೋನಿನಲ್ಲಿ ಅದೇ. ಈ ಸಲ ಪ್ರವಾಹದ ಎಚ್ಚರಿಕೆ ಬರುವ ಮುಂಚೆಯೇ ದಿಣ್ಣೆಯ ಮನೆಮನೆಗೆ ಹೋಗಿ ಗೇಟು ತೆಗೆಸಿದೆ, ಕೆಳಗಿನವರಿಗೆಲ್ಲ ಫೋನ್ ಮಾಡಿದೆ.

"ರೀ, ಸರಿಯಾಗಿ ಮಳೆನೇ ಶುರುವಾಗಿಲ್ಲ, ಜನ ನಗ್ತಾರೆ," ಎಂದಳು ಹೆಂಡತಿ ಶೈಲಾ.

ನಕ್ಕರು. ನಗುತ್ತಲೇ ಬಂದರು ಕೂಡ. ದನ, ಆಡು, ಟ್ರ್ಯಾಕ್ಟರು, ಮುನಿಸಿಕೊಂಡ ಒಂದು ಮುದಿ ಕುದುರೆ — ಊರಿಗೆ ಊರೇ ದಿಣ್ಣೆ ಹತ್ತಿತು. ಓವರ್‌ಲೇಕ್‌ನ ಆಫೀಸಿನಲ್ಲಿ ಕೂತು ಕೋಡ್ ಬರೆಯುವ ನಾನು ಕೋಲು ಹಿಡಿದು ಹೋ ಹೋ ಎಂದು ಕೂಗುತ್ತಿದ್ದೆ. "ಅಪ್ಪಾ, ಯು ಲುಕ್ ರಿಡಿಕ್ಯುಲಸ್," ಎನ್ನುತ್ತಲೇ ಮಗಳು ಕಂಕುಳಲ್ಲಿ ಆಡಿನ ಮರಿ ಎತ್ತಿಕೊಂಡು ಬಂದಳು. ಮಾರನೆಯ ದಿನ ಹೊಲಗಳೆಲ್ಲ ಕೆರೆ. ಒಂದು ಪ್ರಾಣಿಯೂ ಸಾಯಲಿಲ್ಲ. ನಮ್ಮ ಅಂಗಳ ಕೆಸರುಗದ್ದೆಯಾಗಿತ್ತು. ಅದನ್ನು ನೋಡಿ ಆದಷ್ಟು ಹೆಮ್ಮೆ ನನಗೆ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ.

ನೀರು ಇಳಿದ ಮೇಲೆ ಟೌನ್ ಹಾಲ್‌ನಲ್ಲಿ ನಡೆದ ಊರಿನ ಸಭೆಯಲ್ಲಿ ಎಲ್ಲರೂ ಎದ್ದು ನಿಂತು ನನಗೆ ಚಪ್ಪಾಳೆ ತಟ್ಟಿದರು. ಜೂಡಿಯೂ. ಅದೊಂದನ್ನು ತಡೆಯಲಾಗಲಿಲ್ಲ. ಮೈಕಿನ ಮುಂದೆ ಹೋಗಿ ಹೇಳಿಬಿಟ್ಟೆ — "ಜೂಡಿ, ಅವತ್ತು ನಾನು ಮನೇಲೇ ಇದ್ದೆ. ಹುಲ್ಲು ಹಾಳಾಗುತ್ತೆ ಅಂತ ಸುಳ್ಳು ಹೇಳಿದೆ."

ಚಪ್ಪಾಳೆ ನಿಂತಿತು. ಜೂಡಿ ನಿಧಾನವಾಗಿ ಕೋಟು ಹಾಕಿಕೊಂಡರು.

"ಆ ಕರುಗೆ ನಾನೇ ಬಾಟಲಿಯಲ್ಲಿ ಹಾಲು ಕುಡಿಸ್ತಿದ್ದೆ," ಎಂದರು. ಬಾಗಿಲವರೆಗೆ ಹೋಗಿ ತಿರುಗಿದರು. "ನಾಳೆ ಬಾ. ಬೇಲಿ ಕೊಚ್ಚಿಹೋಗಿದೆ, ಕಂಬ ನೆಡಬೇಕು."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ — ಯಾವ ಮುಖ ಇಟ್ಟುಕೊಂಡು ಕೇಳಲಿ? ಬೆಳಿಗ್ಗೆ ಕೆಳಗಿಳಿದು ಹೋದೆ. ಅವರು ಕಂಬ ಹಿಡಿದರು, ನಾನು ಸುತ್ತಿಗೆ ಎತ್ತಿದೆ. ಸಂಜೆಯ ಹೊತ್ತಿಗೆ ಬೇಲಿ ರಸ್ತೆಯವರೆಗೆ ಬಂದಿತ್ತು. ಹೊಳೆಯ ಕಡೆಯದು ಇನ್ನೂ ಬಾಕಿ. ಶನಿವಾರ ಮತ್ತೆ ಹೋಗುತ್ತೇನೆ, ಅವರು ಕರೆಯದಿದ್ದರೂ.