ಸೇತುವೆ ಪಕ್ಕ ನಾನು ಕಟ್ಟಿದ ಗುಡಿ

ಚಪ್ಪಡಿ ಎಳೆದವಳು ನಾನು. ಅದು ಬಿದ್ದದ್ದು ಮಾತ್ರ ಅಣ್ಣನ ತಲೆಯ ಮೇಲೆ.

ಕಲಬುರಗಿಯ ಒಂದು ಸಣ್ಣ ಆಫೀಸಿನಲ್ಲಿ ನಾವು ನಾಲ್ವರು ಕೂತು ಡ್ರೈವರುಗಳ ತರಬೇತಿಗಾಗಿ ಕಂಪ್ಯೂಟರಿನೊಳಗೆ ರಸ್ತೆ ಕಟ್ಟುತ್ತಿದ್ದೆವು. ಬಳಸಿದ್ದು ವಿಡಿಯೋ ಗೇಮ್ ತಯಾರಿಸುವ ಸಾಫ್ಟ್‌ವೇರನ್ನೇ, ಅದಕ್ಕೆ ಎಂಜಿನ್ ಅನ್ನುತ್ತಾರೆ. ಹುಡುಗರು ಮೊಬೈಲಿನಲ್ಲಿ ಢಂ ಢಂ ಎಂದು ಆಡುವ ಆಟಗಳು ಯಾವುದರಲ್ಲಿ ಹುಟ್ಟುತ್ತವೋ ಅದರಲ್ಲೇ ನಮ್ಮ ಬಸ್ಸೂ ಹುಟ್ಟಿತು. ಎದುರಿಗೆ ಮೂರು ಪರದೆ. ಸೀಟು, ಸ್ಟೇರಿಂಗು, ಬ್ರೇಕು ಮಾತ್ರ ನಿಜವಾದವು. ಮಾಡಿಸಿಕೊಂಡದ್ದು ಒಂದು ಖಾಸಗಿ ಬಸ್ ಕಂಪನಿ. ಅದೇ ಕಂಪನಿಯಲ್ಲಿ ನನ್ನ ಅಣ್ಣ ಹನ್ನೊಂದು ವರ್ಷದಿಂದ ಬದಲಿ ಡ್ರೈವರು.

ಎಂಜಿನ್ ಜೊತೆ ರೆಡಿಮೇಡ್ ಸಿಗುವ ಮರಗಳೆಲ್ಲ ಹಿಮ ಬೀಳುವ ನಾಡಿನವು. "ಜೇವರ್ಗಿ ರೋಡಿನ್ಯಾಗ ಈ ಸೂಜಿ ಎಲಿ ಗಿಡ ಯಾರಪ್ಪ ಹಚ್ಚಿದ್ರು?" ಎಂದು ಜಗಳ ತೆಗೆದೆ. ಎಲ್ಲವನ್ನೂ ಕಿತ್ತು ಜಾಲಿ, ಬೇವು, ತೊಗರಿ ಹೊಲ ಇಟ್ಟೆ. ಜೇವರ್ಗಿಯಿಂದ ಅಫಜಲಪುರದ ದಾರಿಯನ್ನು ಇದ್ದದ್ದು ಇದ್ದ ಹಾಗೇ ಕೂರಿಸಿದೆ. ಘತ್ತರಗಿಯ ಸೇತುವೆ ಬಂದಾಗ ಮನಸ್ಸು ತಡೆಯಲಿಲ್ಲ, ಭೀಮೆಯ ದಂಡೆಗೆ ಭಾಗ್ಯವಂತಿ ದೇವಿಯ ಗುಡಿಯನ್ನೂ ಕಟ್ಟಿದೆ. ಯಾರೂ ಕೇಳಿರಲಿಲ್ಲ. ಶಿಖರದ ಬಣ್ಣ ಹೊಂದಿಸುವುದಕ್ಕೇ ಮೂರು ದಿನ ಹಿಡಿಯಿತು. ಎಂಥ ಸೊಕ್ಕು ನನಗೆ!

ಸ್ಟೇರಿಂಗಿನ ಮೇಲೆ ಕೈ ಇದೆಯೋ ಇಲ್ಲವೋ ತಿಳಿಯಲು ಅದಕ್ಕೊಂದು ಸೆನ್ಸರ್ ಪಟ್ಟಿ ಅಂಟಿಸಿದ್ದೆವು. ಎರಡೂ ಕೈ ಬಿಟ್ಟರೆ ಪರೀಕ್ಷೆ ಅಲ್ಲಿಗೇ ಖಲಾಸ್. ಆ ನಿಯಮ ಬರೆದವಳೂ ನಾನೇ. ಕಂಪನಿಯ ಸಾಹೇಬರಿಗೆ ತೋರಿಸಿದ ದಿನ, "ಇದು ಯಾರ ಮುಲಾಜೂ ನೋಡಂಗಿಲ್ರಿ ಸರ್" ಎಂದು ಹಲ್ಲು ಕಿರಿದಿದ್ದೆ.

ಪಾಸಾದವರು ಕಾಯಂ. ಮೂರು ಸಲ ಫೇಲಾದವರಿಗೆ ಮತ್ತೆಂದೂ ಸ್ಟೇರಿಂಗ್ ಇಲ್ಲ. ಅಣ್ಣನಿಗೆ ಮೊದಲ ಸಲ ಪರದೆ ನೋಡಿ ತಲೆ ಸುತ್ತಿತು. ಎರಡನೆಯ ಸಲ ಕಾಲಿಗೆ ಬ್ರೇಕು ಸಿಗಲಿಲ್ಲ. ಮೂರನೆಯದು ಕಂಪನಿಯ ಆಳಂದ ಡಿಪೋದಲ್ಲಿ. ಬಸ್ ಬಿಟ್ಟರೆ ಅವನಿಗೆ ಬೇರೇನೂ ಬರುವುದಿಲ್ಲ, ಬೇಕೂ ಇಲ್ಲ.

ಹೈಸ್ಕೂಲಿನಲ್ಲಿದ್ದಾಗ ಅವನ ಬಸ್ಸಿನ ಬಾನೆಟ್ ಮೇಲೆ ಕೂತು ನಾನು ಪರೀಕ್ಷೆಗೆ ಹೋಗುತ್ತಿದ್ದೆ. ಘತ್ತರಗಿ ಸೇತುವೆ ಬಂದ ಕೂಡಲೇ ಅವನು ವೇಗ ತಗ್ಗಿಸಿ, ಎರಡೂ ಕೈ ಎತ್ತಿ ಎದೆಗೂ ಹಣೆಗೂ ಮುಟ್ಟಿಸಿಕೊಂಡು, "ಕೈ ಮುಗಿ ಬೇ" ಅನ್ನುತ್ತಿದ್ದ. ಆ ದಾರಿಯ ಡ್ರೈವರುಗಳೆಲ್ಲ ಹಾಗೇ. ನೂರು ಸಲ ನೋಡಿದ್ದೆ. ಗುಡಿ ಕಟ್ಟುವಾಗಲೂ ನೆನಪಾಗಲಿಲ್ಲ, ನಿಯಮ ಬರೆಯುವಾಗಲೂ ನೆನಪಾಗಲಿಲ್ಲ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಆವತ್ತು ಸಾಹೇಬರು ಅಣ್ಣನ ಹಿಂದೆ ನಿಂತಿದ್ದರು, ನಾನು ಕಂಪ್ಯೂಟರಿನ ಮುಂದೆ. ಅಡ್ಡ ಬಂದ ಎಮ್ಮೆಗೆ ಅಣ್ಣ ಬಸ್ ನಿಲ್ಲಿಸಿದ. ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟ. ಒಂದು ತಪ್ಪಿಲ್ಲ. ಈ ಸಲ ಗೆದ್ದ ಎಂದುಕೊಂಡೆ. ಅಷ್ಟರಲ್ಲಿ ಶಿಖರ ಕಂಡಿತು, ಆಗ ನನಗೆ ಹೊಳೆಯಿತು.

"ಅಣ್ಣಾ, ಕೈ!" ಎಂದು ಚೀರಿದೆ. ಕೈಗಳು ಆಗಲೇ ಹಣೆ ಮುಟ್ಟಿದ್ದವು. ಮೂರೂ ಪರದೆ ಕೆಂಪಾದವು.

"ತಪ್ಪು ನಂದೈತ್ರಿ ಸರ್, ಗುಡಿ ಕುಂದ್ರಿಸಿದಾಕಿ ನಾನು. ಈಗಽ ತೆಗೀತೇನಿ, ಇನ್ನೊಂದ್ಸಲ ಬಿಡ್ರಿ" ಎಂದು ಅತ್ತೆ. ಕಾಲು ಹಿಡಿಯುವುದೊಂದು ಬಾಕಿಯಿತ್ತು, ಅದನ್ನೂ ಮಾಡಿದೆ.

ಸಾಹೇಬರು ಕೆಟ್ಟವರಲ್ಲ. ಕಾಲು ಹಿಂದಕ್ಕೆಳೆದುಕೊಂಡು, "ಮುಲಾಜು ನೋಡಂಗಿಲ್ಲ ಅಂದಾಕಿ ನೀನಽ ಅಲ್ಲೇನವಾ? ಹಿಂದ ಐವತ್ತು ಮಂದಿ ಕುಂತಿರ್ತಾರ. ಗುಡಿ ಅಲ್ಲೇ ಇರ್ಲಿ, ಇನ್ನೂ ಎಷ್ಟು ಮಂದಿ ಕೈ ಬಿಡ್ತಾರ ತಿಳೀತದ" ಎಂದರು. ನಾನು ಕಣ್ಣೊರೆಸಿಕೊಂಡು ಎದ್ದು ಹೊರಗೆ ಬಂದೆ.

ಅಣ್ಣ ನಳದ ಕೆಳಗೆ ಮುಖ ತೊಳೆಯುತ್ತಿದ್ದ. ಸಿಟ್ಟೆಲ್ಲ ಅವನ ಮೇಲೆ ತಿರುಗಿತು. "ಆಟದ ಗುಡಿ ಅದು! ಅಷ್ಟೂ ಗೊತ್ತಾಗ್ಲಿಲ್ಲೇನು?"

"ಗೊತ್ತಿತ್ತು ಬೇ. ನೀನಽ ಕಟ್ಟೀದಿ ಅಂತನೂ ಗೊತ್ತಿತ್ತು" ಎಂದ. ಆಮೇಲೆ ಮೆಲ್ಲಗೆ, "ಖರೇ ಗುಡಿ ಹಂಗಽ ಕಟ್ಟೀಯಲ್ಲ, ಕೈ ತಾವಽ ಎದ್ದುಬಿಟ್ವು" ಎಂದ.

ಬೈದಿದ್ದರೆ ಬದುಕುತ್ತಿದ್ದೆ.

ಅಫಜಲಪುರದಲ್ಲಿ ಬಸ್ ಬದಲಿಸಿ ನಮ್ಮೂರು ನೆಲೋಗಿಯ ಕಡೆ ಹೊರಟೆವು. ಅಣ್ಣ ಪ್ರಯಾಣಿಕರ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ. ಘತ್ತರಗಿ ಸೇತುವೆ ಬಂತು. ಡ್ರೈವರು ವೇಗ ತಗ್ಗಿಸಿ ಕೈ ಎತ್ತಿದ. ಬಸ್ಸಿನವರೆಲ್ಲ ಗುಡಿಯತ್ತ ತಿರುಗಿ ಕೈ ಮುಗಿದರು. ಅಣ್ಣನ ಎರಡೂ ಕೈ ಖಾಲಿಯಿದ್ದವು, ಹಿಡಿಯಲು ಸ್ಟೇರಿಂಗೂ ಇರಲಿಲ್ಲ. ಆದರೂ ಅವನು ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಸೇತುವೆ ಮುಗಿಯುವವರೆಗೂ ಬಿಡಲಿಲ್ಲ.